ಸತ್ಯವೇದವನ್ನು ಸ್ವಂತವಾಗಿ ಅಧ್ಯಯನ ಮಾಡುವುದು ಹೇಗೆ? ಪೆನ್ಸಿಲು ಹಿಡಿದು ಕೂರುವವರಿಗೆ ಸಮಗ್ರ ಮಾರ್ಗದರ್ಶಿ

ದಿನವೂ ಬೈಬಲ್ ಓದುವವರು ಬಹಳ ಜನರಿದ್ದಾರೆ. ಬೆಳಿಗ್ಗೆ ಓದಿದ ಅಧ್ಯಾಯದಲ್ಲಿ ಏನಿತ್ತೆಂದು ಸಂಜೆ ಕೇಳಿದರೆ ಒಂದೆರಡು ವಚನ ಬಿಟ್ಟು ಬೇರೇನೂ ನೆನಪಿಗೆ ಬಾರದೆ ಕಸಿವಿಸಿಪಡುವವರೂ ಅವರಲ್ಲೇ ಬಹಳ ಜನ. ಇದಕ್ಕೆ ಕಾರಣ ಹೆಚ್ಚಾಗಿ ಓದುವ ರೀತಿಯಲ್ಲೇ ಇರುತ್ತದೆ. ವಚನಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುತ್ತೇವೆ, ಅವು ಇರುವ ಪುಸ್ತಕವನ್ನು ಓದುವುದಿಲ್ಲ. ಏನು ಬರೆದಿದೆ ಎಂದು ನೋಡುವ ಮೊದಲೇ ‘ಇದರಲ್ಲಿ ನನಗೇನಿದೆ?’ ಎಂದು ಕೇಳಿಬಿಡುತ್ತೇವೆ. ಈ ಎರಡು ಅಭ್ಯಾಸಗಳನ್ನು ತಿದ್ದಿಕೊಂಡರೆ ಅರ್ಧ ಕೆಲಸ ಆದಂತೆಯೇ. ಇಲ್ಲಿ ಹೇಳುವ ಕ್ರಮವೆಲ್ಲ ಅದಕ್ಕಾಗಿಯೇ ಇದೆ.

ಕೂರುವ ಮುನ್ನ

ಎರಡು ಭಾಷಾಂತರಗಳನ್ನು ಇಟ್ಟುಕೊಳ್ಳಿ. ಒಂದು ಮೂಲದ ಪದಗಳಿಗೆ ಆದಷ್ಟು ಹತ್ತಿರವಾಗಿ ನಡೆಯುವಂಥದ್ದು, ಇನ್ನೊಂದು ಸರಳ ಆಡುಮಾತಿನದು. ಅಧ್ಯಯನವನ್ನು ಮೊದಲನೆಯದರಲ್ಲಿ ಮಾಡಿ, ವಾಕ್ಯ ಬಿಡಿಸಲಾಗದೆ ನಿಂತಾಗ ಎರಡನೆಯದನ್ನು ತೆರೆಯಿರಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡಲ್ಲಿ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಆಮೇಲೆ ವ್ಯಾಖ್ಯಾನ ನೋಡುವಾಗ ಮೊದಲು ನೋಡಬೇಕಾದ ಜಾಗಗಳು ಅವೇ.

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ವಾಕ್ಯಭಾಗದಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ. ಬಲಪುಟ ನಿಮ್ಮ ಪ್ರಶ್ನೆಗಳಿಗೆ, ತಿಳಿದ ಅರ್ಥಕ್ಕೆ, ಪ್ರಾರ್ಥನೆಗೆ. ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಎರಡು ತಿಂಗಳ ನಂತರ ಯಾವುದು ವಚನದ ಮಾತು, ಯಾವುದು ನಿಮ್ಮ ಮಾತು ಎಂದು ನಿಮಗೇ ತಿಳಿಯುವುದಿಲ್ಲ.

ಬೈಬಲಿನ ಕಾಗದ ತೀರ ತೆಳು. ಜೆಲ್ ಪೆನ್ನು, ಹೈಲೈಟರ್‌ಗಳ ಶಾಯಿ ಹಿಂಬದಿಗೆ ಇಳಿಯುತ್ತದೆ. ಬಣ್ಣದ ಪೆನ್ಸಿಲ್ ಇಳಿಯುವುದಿಲ್ಲ. ನಾಲ್ಕು ಬಣ್ಣ ಸಾಕು: ವ್ಯಕ್ತಿಗಳಿಗೆ ಒಂದು, ಸ್ಥಳ ಮತ್ತು ಕಾಲಕ್ಕೆ ಒಂದು, ಮತ್ತೆಮತ್ತೆ ಬರುವ ಪದಗಳಿಗೆ ಒಂದು, ‘ಆದಕಾರಣ’, ‘ಯಾಕಂದರೆ’, ‘ಆದರೆ’ ಎಂಬ ಕೊಂಡಿಪದಗಳಿಗೆ ಒಂದು. ಹತ್ತು ಬಣ್ಣ ಇಟ್ಟುಕೊಂಡವರ ಗಮನ ಓದುವುದಕ್ಕಿಂತ ಬಣ್ಣ ಹಚ್ಚುವುದರಲ್ಲೇ ಕಳೆದುಹೋಗುತ್ತದೆ. ಇನ್ನೂ ಒಳ್ಳೆಯ ದಾರಿ ಎಂದರೆ ವಾಕ್ಯಭಾಗವನ್ನು ಶೀರ್ಷಿಕೆ ಮತ್ತು ವಚನ ಸಂಖ್ಯೆಗಳಿಲ್ಲದೆ, ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆದುಕೊಳ್ಳುವುದು. ಆ ಶೀರ್ಷಿಕೆಗಳು ಪ್ರಕಾಶಕರು ಸೇರಿಸಿದವು. ಅಧ್ಯಾಯ ವಿಭಾಗ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳನ್ನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ 1551ರಲ್ಲಿ ಹಾಕಿದ. ಇವೆಲ್ಲ ಹುಡುಕುವುದಕ್ಕೆ ಬಹಳ ಅನುಕೂಲ, ಆದರೆ ಅರ್ಥ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಗುರುತಲ್ಲ. ಆದಿಕಾಂಡದ ಮೊದಲ ಸೃಷ್ಟಿವೃತ್ತಾಂತ ಮುಗಿಯುವುದು 2:3ರಲ್ಲಿ. ಯೆಶಾಯ 53 ಎಂದು ನಾವು ಓದುವ ಕಾವ್ಯಭಾಗ ಶುರುವಾಗುವುದು 52:13ರಲ್ಲಿ. ಮದುವೆಗಳಲ್ಲಿ ಓದುವ 1 ಕೊರಿಂಥ 13 ಕೃಪಾವರಗಳ ಬಗ್ಗೆ ನಡೆಯುತ್ತಿರುವ ವಾದದ ನಟ್ಟನಡುವೆ ಇದೆ. 12 ಮತ್ತು 14 ಓದದೆ ಅದು ಯಾರಿಗೆ, ಯಾಕೆ ಹೇಳಿದ್ದೆಂದು ಗೊತ್ತಾಗುವುದಿಲ್ಲ.

ದಿನಕ್ಕೆ 35–40 ನಿಮಿಷ, ವಾರಕ್ಕೆ ಐದು ದಿನ. ಏಳು ದಿನದ ಯೋಜನೆ ಹಾಕಿದರೆ ಒಂದು ದಿನ ತಪ್ಪಿದೊಡನೆ ಲೆಕ್ಕ ಹಿಂದೆ ಬಿದ್ದು, ಅದನ್ನು ಸರಿಮಾಡುವ ಆತುರದಲ್ಲಿ ಓದು ಓಟವಾಗುತ್ತದೆ. ತಪ್ಪಿದ ದಿನವನ್ನು ಬಿಟ್ಟುಬಿಡಿ, ಮರುದಿನ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ. ಆರಂಭದಲ್ಲಿ ಪ್ರಾರ್ಥನೆ ಇರಲಿ. ಕೀರ್ತನೆ 119:18ರಲ್ಲಿ ಕಣ್ಣು ತೆರೆಯಬೇಕೆಂದು ಬೇಡುವ ಒಂದೇ ಸಾಲು ಇದೆ, ಅಷ್ಟೇ ಸಾಕು. ಮೊಬೈಲಿನಲ್ಲಿ ಓದುವವರು ಆ ಹೊತ್ತಿಗೆ ಇಂಟರ್ನೆಟ್ ಆಫ್ ಮಾಡಲಿ.

ಯಾವ ಪುಸ್ತಕದಿಂದ ಶುರು ಮಾಡಬೇಕು?

ಆದಿಕಾಂಡದಿಂದ ಸಾಲಾಗಿ ಹೊರಟವರು ಸಾಮಾನ್ಯವಾಗಿ ವಿಮೋಚನಕಾಂಡ 25ರಲ್ಲಿ ನಿಲ್ಲುತ್ತಾರೆ. ಅಲ್ಲಿಂದ 31ರವರೆಗೆ ದೇವದರ್ಶನದ ಗುಡಾರದ ಅಳತೆ, ನಕ್ಷೆ. 35ರಿಂದ 40ರವರೆಗೆ ಅದೇ ಗುಡಾರದ ನಿರ್ಮಾಣ. ಮುಂದೆ ಯಾಜಕಕಾಂಡದ ಬಲಿವಿಧಿಗಳು. ಅವು ಬೇಡದ ಪುಟಗಳಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆ ಓದುವ ದಿನ ಅವುಗಳ ಬೆಲೆ ತಿಳಿಯುತ್ತದೆ. ಆದರೆ ಕಲಿಯಲು ಶುರು ಮಾಡುವ ಜಾಗ ಅದಲ್ಲ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅತಿ ಚಿಕ್ಕದು. ಗಟ್ಟಿಯಾಗಿ ಓದಿದರೆ ಸುಮಾರು ಒಂದೂವರೆ ಗಂಟೆ. ಘಟನೆ ಘಟನೆಯಾಗಿ ಸಾಗುವುದರಿಂದ ಗಮನಿಸುವ ಕಣ್ಣು ಬೇಗ ಪಳಗುತ್ತದೆ. ಅದಾದ ಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, ನಂತರ ರೂತಳು ಅಥವಾ ಯೋನ (ಎರಡಕ್ಕೂ ನಾಲ್ಕು ನಾಲ್ಕೇ ಅಧ್ಯಾಯ), ಆಮೇಲೆ ಆದಿಕಾಂಡ.

ಅಧ್ಯಯನವನ್ನೂ ವಿಸ್ತಾರವಾದ ಓದನ್ನೂ ಬೇರೆ ಬೇರೆಯಾಗಿಯೇ ಇಡಿ. ಒಂದು ಭಾಗವನ್ನು ಅಗೆಯುತ್ತಿರುವಾಗಲೇ ಇನ್ನೊಂದು ಹೊತ್ತಿನಲ್ಲಿ ದಿನಕ್ಕೆ ಒಂದು ಅಧ್ಯಾಯ ಸುಮ್ಮನೆ ಓದುತ್ತಾ ಹೋಗಿ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದರಂತೆ ಸರಿಯಾಗಿ 52 ವಾರ, ಅಂದರೆ ಒಂದು ವರ್ಷ. ಈ ಓದಿನಲ್ಲಿ ಎಲ್ಲೂ ನಿಲ್ಲಬೇಡಿ, ಅರ್ಥವಾಗದ್ದನ್ನು ದಾಟಿ ಹೋಗಿ.

ಮುಖಪುಟದ ಒಳಬದಿಗೆ ಒಂದು ಚೀಟಿ ಅಂಟಿಸಿ: ಕ್ರಿ.ಪೂ. 1000ರ ಸುಮಾರು, ದಾವೀದ; ಕ್ರಿ.ಪೂ. 722, ಸಮಾರ್ಯದ ಪತನ; ಕ್ರಿ.ಪೂ. 586, ಯೆರೂಸಲೇಮಿನ ನಾಶ; ಕ್ರಿ.ಪೂ. 539, ಪಾರಸಿಯರ ಕೈಗೆ ಬಾಬೆಲ್; ಕ್ರಿ.ಶ. 70, ಎರಡನೆಯ ದೇವಾಲಯದ ನಾಶ. ಪ್ರವಾದಿಗಳ ಪುಸ್ತಕ ತೆರೆದಾಗಲೆಲ್ಲ ಈ ಚೀಟಿಯ ಮೇಲೆ ಕಣ್ಣು ಹೋಗಬೇಕು.

ಒಂದು ವಾಕ್ಯಭಾಗಕ್ಕೆ ಒಂದು ವಾರ

ಉದಾಹರಣೆಗೆ ಮಾರ್ಕ 5:21–43 ತೆಗೆದುಕೊಳ್ಳೋಣ: ಯಾಯೀರನ ಮಗಳು ಮತ್ತು ರಕ್ತಕುಸುಮ ರೋಗದ (ನಿಲ್ಲದ ರಕ್ತಸ್ರಾವದ) ಹೆಂಗಸು.

*ಮೊದಲ ದಿನ, ಓದು ಮಾತ್ರ.* ಮೂರು ಸಲ ಓದಿ: ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಗಟ್ಟಿಯಾಗಿ, ಒಮ್ಮೆ ಇನ್ನೊಂದು ಭಾಷಾಂತರದಲ್ಲಿ. ಹಿಂದಿನ ಅಧ್ಯಾಯದ 4:35ರಿಂದಲೂ ಒಮ್ಮೆ ಓದಿಕೊಂಡು ಬನ್ನಿ. ಬಿರುಗಾಳಿ, ದೆವ್ವ, ಗುಣವಾಗದ ರೋಗ, ಸಾವು, ಹೀಗೆ ಮನುಷ್ಯನ ಕೈಮೀರಿದ ನಾಲ್ಕು ಸಂಗತಿಗಳನ್ನು ಮಾರ್ಕ ಸಾಲಾಗಿ ಇಟ್ಟಿರುವುದು ಆಗ ಕಾಣುತ್ತದೆ. ಪುಸ್ತಕ ಮುಚ್ಚಿ, ನೆನಪಿನಿಂದ ಐದಾರು ಸಾಲಿನಲ್ಲಿ ಘಟನೆಯನ್ನು ಬರೆಯಿರಿ. ಬರೆಯುವಾಗ ಬಿಟ್ಟುಹೋದದ್ದೇ ನೀವು ಕಣ್ಣಾಡಿಸಿ ದಾಟಿದ ಜಾಗ.

*ಎರಡನೆಯ ದಿನ, ಗಮನಿಸುವುದು.* ಎಡಪುಟದಲ್ಲಿ ಕನಿಷ್ಠ 20 ಸಂಗತಿಗಳನ್ನು ವಚನ ಸಂಖ್ಯೆ ಸಹಿತ ಬರೆಯಿರಿ. ಯಾರು, ಎಲ್ಲಿ, ಯಾವಾಗ, ಏನು ಮಾಡಿದರು, ಏನು ಹೇಳಿದರು, ಯಾವ ಪದ ಮತ್ತೆ ಬಂತು, ಯಾವುದಕ್ಕೆ ಯಾವುದು ಎದುರಾಗಿದೆ. ಮೊದಲ ಏಳೆಂಟು ಸುಲಭವಾಗಿ ಬರುತ್ತವೆ, ಆಮೇಲೆ ಕೈ ನಿಲ್ಲುತ್ತದೆ. ಅಲ್ಲಿ ಏಳಬೇಡಿ. ಒಳ್ಳೆಯವು ಬರುವುದು ಆ ನಿಲುಗಡೆಯ ಆಚೆ.

ಈ ಭಾಗದಲ್ಲಿ ಸಿಗುವಂಥವು ಕೆಲವು: ಹೆಂಗಸಿನ ರೋಗಕ್ಕೆ ಹನ್ನೆರಡು ವರ್ಷ (5:25), ಹುಡುಗಿಯ ವಯಸ್ಸೂ ಹನ್ನೆರಡು (5:42). ಸಭಾಮಂದಿರದ ಅಧಿಕಾರಿಗೆ ಹೆಸರಿದೆ, ಹೆಂಗಸಿಗೆ ಇಲ್ಲ. ಇಬ್ಬರೂ ಯೇಸುವಿನ ಮುಂದೆ ಬೀಳುತ್ತಾರೆ (5:22, 33). ಯಾಯೀರ ಎದುರಿಗೆ ಬಂದು ಬೇಡಿಕೊಳ್ಳುತ್ತಾನೆ, ಆಕೆ ಗುಂಪಿನಲ್ಲಿ ಹಿಂದಿನಿಂದ ಬಂದು ಮುಟ್ಟುತ್ತಾಳೆ. ಯಾಯೀರ ತನ್ನ ಮಗಳಿಗಾಗಿ ಬಂದವನು. ಯೇಸು ಈ ಹೆಂಗಸನ್ನೇ ‘ಮಗಳೇ’ ಎಂದು ಕರೆಯುತ್ತಾನೆ (5:34). ಮುಟ್ಟುವ ಮಾತು 5:27, 28, 30, 31ರಲ್ಲಿ ಬರುತ್ತದೆ, ಕೊನೆಗೆ ಯೇಸುವೇ ಹುಡುಗಿಯ ಕೈ ಹಿಡಿಯುತ್ತಾನೆ (5:41). ಭಯ ಮತ್ತು ನಂಬಿಕೆ ಜೊತೆಜೊತೆಯಾಗಿ ಎರಡು ಸಲ ಬರುತ್ತವೆ (5:33–34, 5:36). ಗುಟ್ಟಾಗಿ ಮುಟ್ಟಿದವಳನ್ನು ಎಲ್ಲರ ಮುಂದೆ ಕರೆಯುತ್ತಾನೆ. ಎಲ್ಲರಿಗೂ ಗೊತ್ತಾಗಿದ್ದ ಸಾವಿನ ಮನೆಯಲ್ಲಿ ಮಾತ್ರ ಇದನ್ನು ಯಾರಿಗೂ ತಿಳಿಸಬೇಡಿ ಎನ್ನುತ್ತಾನೆ (5:43). ಒಂದು ಕಥೆಯ ಹೊಟ್ಟೆಯೊಳಗೆ ಇನ್ನೊಂದನ್ನು ಇಡುವುದು ಮಾರ್ಕನ ರೀತಿ. 11:12–25ರಲ್ಲಿ ಅಂಜೂರದ ಮರದ ನಡುವೆ ದೇವಾಲಯದ ಘಟನೆಯನ್ನೂ ಹೀಗೆಯೇ ಇಟ್ಟಿದ್ದಾನೆ. ಇದನ್ನು ಕಂಡ ಮೇಲೆ ಇವು ಎರಡು ಕಥೆ ಎಂದು ಬಿಡಿಸಿ ಓದಲಾಗದು.

*ಮೂರನೆಯ ದಿನ, ಹಿನ್ನೆಲೆ.* ಮೂರು ಕಡೆ ನೋಡಬೇಕು. ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡ 15:25–27 ತೆರೆದರೆ ಈ ಹೆಂಗಸು ಅಶುದ್ಧಳು, ಅವಳು ಮಲಗಿದ ಹಾಸಿಗೆ, ಕುಳಿತ ಜಾಗವೂ ಅಶುದ್ಧ ಎಂಬುದು ಸಿಗುತ್ತದೆ. ಅರಣ್ಯಕಾಂಡ 19:11ರಲ್ಲಿ ಹೆಣ ಮುಟ್ಟಿದವನು ಏಳು ದಿನ ಅಶುದ್ಧ. ಯೇಸು ಆ ದಿನ ಇಂಥ ಎರಡು ಸ್ಪರ್ಶಗಳ ನಡುವೆ ನಡೆಯುತ್ತಾನೆ, ಎರಡು ಕಡೆಯೂ ಅಶುದ್ಧಿ ಅವನಿಗೆ ದಾಟಿ ಬರುವುದಿಲ್ಲ. ಅವನಿಂದ ಗುಣವೂ ಜೀವವೂ ಅವರಿಗೆ ಹೋಗುತ್ತವೆ. ಎರಡನೆಯದಾಗಿ, ಇದೇ ಘಟನೆಯ ಬೇರೆ ನಿರೂಪಣೆಗಳು: ಮತ್ತಾಯ 9:18–26, ಲೂಕ 8:40–56. ಅವಳು ಒಬ್ಬಳೇ ಮಗಳೆಂದು ಹೇಳುವವನು ಲೂಕ. ಮತ್ತಾಯ ಘಟನೆಯನ್ನು ಚಿಕ್ಕದು ಮಾಡಿ, ತಂದೆ ಬಂದಾಗಲೇ ಮಗಳು ಸತ್ತಿದ್ದಾಳೆ ಎಂದು ಹೇಳಿಸುತ್ತಾನೆ. ಇಂಥ ವ್ಯತ್ಯಾಸ ಕಂಡರೆ ಗಾಬರಿಯಾಗಿ ಎಲ್ಲವನ್ನೂ ಕಲಸಿ ಒಂದೇ ಕಥೆ ಮಾಡಬೇಡಿ. ಪ್ರತಿಯೊಬ್ಬನೂ ಏನನ್ನು ಮುಂದಕ್ಕೆ ತಂದಿದ್ದಾನೆ ಎಂದು ಬರೆದಿಡಿ. ಮೂರನೆಯದು ಭೂಪಟ: ಸರೋವರದ ಯಾವ ದಡದಿಂದ ಯಾವ ದಡಕ್ಕೆ ಬಂದರು ಎಂದು ಬೆರಳಿಟ್ಟು ನೋಡಿ.

*ನಾಲ್ಕನೆಯ ದಿನ, ಅರ್ಥ.* ಬಲಪುಟದಲ್ಲಿ ಎರಡು ವಾಕ್ಯ ಬರೆಯಿರಿ. ಒಂದು: ಈ ಭಾಗ ಏನು ಹೇಳುತ್ತದೆ? ಎರಡು: ಮಾರ್ಕ ಇದನ್ನು ತನ್ನ ಮೊದಲ ಓದುಗರಿಗೆ ಯಾಕೆ ಹೇಳಿದ? ಒಂದೊಂದಕ್ಕೂ ಒಂದೇ ವಾಕ್ಯ ಎಂಬ ನಿಯಮ ಕಷ್ಟ, ಆದರೂ ಬಿಡಬೇಡಿ. ಪುಟಗಟ್ಟಲೆ ಬರೆಯಬೇಕೆನಿಸಿದರೆ ಅರ್ಥ ಇನ್ನೂ ಸಿಕ್ಕಿಲ್ಲವೆಂದೇ ತಿಳಿಯಿರಿ. ಬರೆದ ವಾಕ್ಯವನ್ನು ಎಡಪುಟಕ್ಕೆ ಹಿಡಿದು ನೋಡಿ. 20ರಲ್ಲಿ ಅರ್ಧದಷ್ಟನ್ನಾದರೂ ಅದು ಒಳಗೊಳ್ಳದಿದ್ದರೆ ತಿದ್ದಿ. ಇಲ್ಲಿ ‘ಯೇಸು ರೋಗ ಗುಣಪಡಿಸುತ್ತಾನೆ’ ಎಂದಷ್ಟೇ ಬರೆದರೆ ತಡವಾದ ಸಂಗತಿ ಹೊರಗೆ ಉಳಿಯುತ್ತದೆ. ಹೆಂಗಸಿಗಾಗಿ ನಿಂತ ಆ ಹೊತ್ತಿನಲ್ಲೇ ಮಗಳು ಸತ್ತ ಸುದ್ದಿ ಬಂತು (5:35). ‘ಭಯಪಡಬೇಡ, ನಂಬಿಕೆ ಮಾತ್ರ ಇರಲಿ’ ಎಂಬ ಮಾತು ಬರುವುದು ಅದರ ಬೆನ್ನಿಗೇ.

*ಐದನೆಯ ದಿನ, ಅನ್ವಯ ಮತ್ತು ಪ್ರಾರ್ಥನೆ.* ‘ಇನ್ನು ಮೇಲೆ ಹೆಚ್ಚು ನಂಬಬೇಕು’ ಎಂದು ಬರೆಯುವುದರಿಂದ ಏನೂ ಆಗುವುದಿಲ್ಲ. ಯಾರ ವಿಷಯದಲ್ಲಿ, ಏನನ್ನು, ಯಾವ ದಿನದೊಳಗೆ ಎಂದು ಬರೆಯಿರಿ. ತಡವಾಗುತ್ತಿದೆ ಎಂದು ಬಿಟ್ಟುಕೊಟ್ಟ ಯಾವ ಪ್ರಾರ್ಥನೆಯನ್ನು ಮತ್ತೆ ಹಿಡಿಯುತ್ತೀರಿ? ಗುಂಪಿನ ಅಂಚಿನಲ್ಲಿರುವ ಯಾರನ್ನು ಈ ವಾರ ಹೆಸರು ಹಿಡಿದು ಮಾತನಾಡಿಸುತ್ತೀರಿ? ಎಲ್ಲ ಭಾಗವೂ ಮಾಡಬೇಕಾದ ಕೆಲಸವನ್ನೇ ಕೊಡಬೇಕೆಂದಿಲ್ಲ. ಕೆಲವು ಸ್ತುತಿಗೆ ಕರೆಯುತ್ತವೆ, ಕೆಲವು ಅಳುವುದಕ್ಕೆ ಮಾತು ಕೊಡುತ್ತವೆ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ. ಅದಕ್ಕೆ ಸಮಾಧಾನದ ಕೊನೆಯನ್ನು ನಾವು ಸೇರಿಸಬಾರದು.

ಎಲ್ಲ ಪುಸ್ತಕಗಳನ್ನೂ ಒಂದೇ ರೀತಿ ಓದಲಾಗದು

ಚರಿತ್ರೆಯ ಪುಸ್ತಕಗಳಲ್ಲಿ ನಡೆದದ್ದನ್ನೆಲ್ಲ ಬರೆದಿದೆ. ಬರೆದದ್ದೆಲ್ಲ ದೇವರು ಮೆಚ್ಚಿದ್ದಲ್ಲ. ನ್ಯಾಯಸ್ಥಾಪಕರು 11ರಲ್ಲಿ, ಯುದ್ಧ ಗೆದ್ದರೆ ಮನೆಯಿಂದ ಎದುರುಗೊಳ್ಳಲು ಬಂದವರನ್ನು ಬಲಿಕೊಡುವೆನೆಂಬ ಯೆಪ್ತಾಹನ ಹರಕೆ ಮಾದರಿಯೇ? ನಿರೂಪಕ ಎಲ್ಲಿ ಬಾಯಿ ಬಿಡುತ್ತಾನೆ ಎಂದು ಕಾಯಬೇಕು. 2 ಸಮುವೇಲ 11ರಲ್ಲಿ ದಾವೀದನ ಪಾಪವನ್ನು ಅಧ್ಯಾಯದುದ್ದಕ್ಕೂ ಬರಿಯ ಘಟನೆಯಾಗಿ ಹೇಳಿ, ಕಟ್ಟಕಡೆಯ ಮಾತಿನಲ್ಲಿ ಅದು ಯೆಹೋವನಿಗೆ ಕೆಟ್ಟದ್ದಾಗಿ ಕಂಡಿತು ಎಂದು ತೀರ್ಪು ಕೊಡುತ್ತದೆ. ನ್ಯಾಯಸ್ಥಾಪಕರ ತೀರ್ಪು 17:6 ಮತ್ತು 21:25ರಲ್ಲಿ ಇದೆ: ಅರಸನಿರಲಿಲ್ಲ, ಮನಸ್ಸಿಗೆ ಬಂದಂತೆ ನಡೆಯುತ್ತಿದ್ದರು.

ಪತ್ರಿಕೆಗಳಲ್ಲಿ ಕೊಂಡಿಪದಗಳೇ ಬೀಗದ ಕೈ. ರೋಮಾಪುರ 12:1ರ ‘ಆದ್ದರಿಂದ’ ಹಿಂದಿನ 11 ಅಧ್ಯಾಯಗಳ ಮೇಲೆ ನಿಂತಿದೆ. ಎಫೆಸ 4:1ರದು ಮೊದಲ ಮೂರರ ಮೇಲೆ. ಆ ಬುನಾದಿ ಓದದೆ ಆಜ್ಞೆಗಳನ್ನು ಮಾತ್ರ ಓದಿದರೆ ಕೃಪೆ ಹಿಂದೆ ಸರಿದು ನಿಯಮಗಳ ಪಟ್ಟಿ ಉಳಿಯುತ್ತದೆ. ಇದು ನಿಜವಾಗಿ ಮನಸ್ಸುಗಳನ್ನು ಬಳಲಿಸುವ ತಪ್ಪು.

ಕೀರ್ತನೆಗಳಲ್ಲಿ ಎರಡನೆಯ ಸಾಲು ಮೊದಲನೆಯದನ್ನು ಬೇರೆ ಮಾತಿನಲ್ಲಿ ಹೇಳುತ್ತದೆ, ಮುಂದುವರಿಸುತ್ತದೆ ಅಥವಾ ಎದುರು ನಿಲ್ಲುತ್ತದೆ. ಹಾಗಾಗಿ ಎರಡು ಸಾಲಿಗೆ ಎರಡು ಬೇರೆ ಉಪದೇಶ ಹುಡುಕಬೇಡಿ. ಜ್ಞಾನೋಕ್ತಿಗಳು ವಾಗ್ದಾನಗಳಲ್ಲ, ವಿವೇಕದ ಮಾತುಗಳು. 26:4 ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಯಾವುದು ಯಾವಾಗ ಎಂದು ತಿಳಿಯುವುದೇ ವಿವೇಕ.

ಪ್ರವಾದಿಗಳ ಮೊದಲ ವಚನವನ್ನು ದಾಟಬೇಡಿ. ಯೆಶಾಯ, ಹೋಶೇಯ, ಆಮೋಸರ 1:1ರಲ್ಲಿ ಅರಸರ ಹೆಸರುಗಳಿವೆ. 2 ಅರಸುಗಳು 14ರಿಂದ 20ರವರೆಗೆ ಓದಿಕೊಂಡು ಬಂದರೆ ಪ್ರವಾದಿ ಯಾರ ಎದುರು ನಿಂತು ಮಾತನಾಡುತ್ತಿದ್ದಾನೆ ಎಂದು ಕಾಣುತ್ತದೆ.

ಸಾಮ್ಯಗಳಲ್ಲಿ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಗಳಲ್ಲಿ, ಕೇಳುಗರು ಯಾರು ಎಂಬುದೇ ಮುಖ್ಯ. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಎರಡು ನಾಣ್ಯ, ಎಣ್ಣೆ, ಛತ್ರ ಒಂದೊಂದಕ್ಕೂ ಗುಪ್ತಾರ್ಥ ಹುಡುಕುವವರಿದ್ದಾರೆ. ಧರ್ಮೋಪದೇಶಕನ ಪ್ರಶ್ನೆ (ಲೂಕ 10:29) ಮತ್ತು ಯೇಸುವಿನ ಮರುಪ್ರಶ್ನೆ (10:36) ಎರಡನ್ನು ಪಕ್ಕಪಕ್ಕ ಬರೆದುಕೊಳ್ಳಿ, ಸಾಮ್ಯ ಎತ್ತ ಹೋಗುತ್ತಿದೆ ಎಂದು ಅವೇ ಹೇಳುತ್ತವೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ದಾನಿಯೇಲ 7, ಯೆಹೆಜ್ಕೇಲ 1, ಜೆಕರ್ಯ 4 ಓದಿದ ನಂತರವೇ ತೆರೆಯಿರಿ. ತನ್ನ ಕೆಲವು ಸಂಕೇತಗಳನ್ನು ಅದೇ ಬಿಡಿಸಿ ಹೇಳುತ್ತದೆ: ಏಳು ದೀಪಸ್ತಂಭಗಳು ಏಳು ಸಭೆಗಳು (1:20). ದಿನಪತ್ರಿಕೆಯ ಸುದ್ದಿಯಿಂದ ಪ್ರಕಟನೆಯನ್ನು ಬಿಡಿಸಹೊರಟ ಓದು ಸುದ್ದಿ ಬದಲಾದಂತೆ ಬದಲಾಗುತ್ತದೆ.

ಹೆಚ್ಚಾಗಿ ತಪ್ಪುವುದು ಎಲ್ಲಿ

ಗೋಡೆಗೆ ತೂಗುಹಾಕುವ ವಚನಗಳಲ್ಲಿ. ಅವುಗಳಲ್ಲಿ ಬಲವಿಲ್ಲವೆಂದಲ್ಲ, ಅಕ್ಕಪಕ್ಕ ಓದಿದರೆ ಇರುವ ಬಲ ಇನ್ನೂ ಹೆಚ್ಚುತ್ತದೆ. ಯೆರೆಮೀಯ 29:11 ಒಳ್ಳೆಯ ಭವಿಷ್ಯದ ಮಾತು. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದಲ್ಲಿದೆ, ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷದ ಲೆಕ್ಕವಿದೆ. ಕೇಳಿದ ಹಿರಿಯರಲ್ಲಿ ಬಹುಪಾಲು ಜನ ಆ ಬಿಡುಗಡೆ ನೋಡುವವರಲ್ಲ. ಅವರಿಗೆ ಹೇಳಿದ್ದು ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥಿಸಿ ಎಂದು (29:5–7). ಫಿಲಿಪ್ಪಿ 4:13ರ ‘ಎಲ್ಲಕ್ಕೂ ಶಕ್ತನು’ ಎಂಬ ಮಾತು ಹಸಿವೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರುವುದರ ಬಗ್ಗೆ, ಅದೂ ಬೇಡಿ ತೊಟ್ಟು ಸೆರೆಯಲ್ಲಿದ್ದ ಪೌಲನಿಂದ. ‘ಇಬ್ಬರು ಮೂವರು ಎಲ್ಲಿ ಕೂಡಿರುತ್ತಾರೋ’ (ಮತ್ತಾಯ 18:20) ತಪ್ಪು ಮಾಡಿದ ಸಹೋದರನನ್ನು ತಿದ್ದುವ ಭಾಗದಲ್ಲಿದೆ. 18:16ರಲ್ಲಿ ಇಬ್ಬರು ಮೂವರು ಸಾಕ್ಷಿಗಳ ಮಾತು ಆಗಲೇ ಬಂದಿದೆ. ‘ನಿನ್ನ ಮೊದಲ ಸ್ಥಿತಿ ಅಲ್ಪವಾಗಿದ್ದರೂ’ ಎಂಬ ಯೋಬ 8:7 ಯೋಬನ ಸ್ನೇಹಿತರಲ್ಲಿ ಒಬ್ಬನಾದ ಬಿಲ್ದದನ ಮಾತು. ಎಲೀಫಜನೂ ಅವನ ಇಬ್ಬರು ಸ್ನೇಹಿತರೂ (ಬಿಲ್ದದ ಅವರಲ್ಲೊಬ್ಬ) ಸರಿಯಾಗಿ ಮಾತನಾಡಲಿಲ್ಲವೆಂದು ದೇವರು 42:7ರಲ್ಲಿ ಹೇಳಿದ್ದಾನೆ. ಯೋಬನ ಪುಸ್ತಕದಿಂದ ವಚನ ಎತ್ತುವ ಮುನ್ನ ಮಾತನಾಡುತ್ತಿರುವವರು ಯಾರು ಎಂದು ಯಾವಾಗಲೂ ನೋಡಿ.

ಪರೀಕ್ಷೆ ಸರಳ: ಯಾವ ವಚನ ಮನಸ್ಸಿಗೆ ಹಿಡಿದರೂ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದಿ, ಯಾರು ಯಾರಿಗೆ ಹೇಳಿದರು ಎಂದು ಬರೆದ ಮೇಲೆಯೇ ಅದನ್ನು ಇನ್ನೊಬ್ಬರಿಗೆ ಕಳುಹಿಸಿ.

ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುವ ಪದಸೂಚಿ ಬಳಸುವಾಗಲೂ ಹತ್ತಿರದಿಂದ ದೂರಕ್ಕೆ ಹೋಗಿ: ಮೊದಲು ಅದೇ ಪುಸ್ತಕ, ನಂತರ ಅದೇ ಬರಹಗಾರ, ನಂತರ ಅದೇ ಒಡಂಬಡಿಕೆ, ಕೊನೆಗೆ ಇಡೀ ಬೈಬಲ್. ಮೂಲಭಾಷೆಯ ಪ್ರತಿ ಪದಕ್ಕೂ ಕೊಟ್ಟ ಸ್ಟ್ರಾಂಗ್ ಸಂಖ್ಯೆಗಳಿರುವ ಆ್ಯಪ್‌ಗಳಲ್ಲಿ ಒಂದು ಗ್ರೀಕ್ ಪದಕ್ಕೆ ಏಳೆಂಟು ಅರ್ಥ ಕೊಟ್ಟಿರುತ್ತಾರೆ. ಅವು ಬೇರೆ ಬೇರೆ ಕಡೆ ಬರುವ ಅರ್ಥಗಳು. ಎಲ್ಲವನ್ನೂ ಒಂದೇ ವಚನಕ್ಕೆ ಸುರಿಯುವುದು ಹೊಸಬರು ಬಹಳ ಮಾಡುವ ತಪ್ಪು. ಎರಡು ವಚನಗಳು ಒಂದಕ್ಕೊಂದು ಎದುರಾದಂತೆ ಕಂಡರೆ, ಉದಾಹರಣೆಗೆ ರೋಮಾಪುರ 3:28 ಮತ್ತು ಯಾಕೋಬ 2:24, ಇಬ್ಬರೂ ಯಾರ ತಪ್ಪನ್ನು ತಿದ್ದುತ್ತಿದ್ದಾರೆ ಎಂದು ಕೇಳಿ. ಯಾಕೋಬ ಮಾತನಾಡುತ್ತಿರುವುದು ದೆವ್ವಗಳಿಗೂ ಇರುವಂಥ ನಂಬಿಕೆಯ ಬಗ್ಗೆ (2:19).

ವ್ಯಾಖ್ಯಾನ ಗ್ರಂಥಗಳ ದಿನ ಶನಿವಾರ. ನಾಲ್ಕನೆಯ ದಿನದ ಎರಡು ವಾಕ್ಯ ಬರೆಯುವ ಮುನ್ನ ತೆರೆದರೆ ನಿಮ್ಮ ಕಣ್ಣು ಅವರು ತೋರಿಸಿದ್ದನ್ನು ಮಾತ್ರ ನೋಡುತ್ತದೆ. ಕನಿಷ್ಠ ಎರಡನ್ನು ನೋಡಿ. ಇಬ್ಬರೂ ನಿಮ್ಮ ಅರ್ಥವನ್ನು ಒಪ್ಪದಿದ್ದರೆ ತಪ್ಪು ನಿಮ್ಮ ಕಡೆ ಇರುವ ಸಾಧ್ಯತೆ ಹೆಚ್ಚು, ಎಡಪುಟಕ್ಕೆ ಹಿಂತಿರುಗಿ. ಅವರಿಬ್ಬರೇ ಒಬ್ಬರನ್ನೊಬ್ಬರು ಒಪ್ಪದಿದ್ದರೆ ಇಬ್ಬರ ಕಾರಣಗಳನ್ನೂ ಬರೆದುಕೊಳ್ಳಿ. ಬಿಡಿಸಲಾಗದ ಪ್ರಶ್ನೆಗಳನ್ನು ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ದಿನಾಂಕದೊಂದಿಗೆ ಸೇರಿಸಿ, ಸಭಾಪಾಲಕರ ಬಳಿಯೋ ಬಲ್ಲ ಹಿರಿಯರ ಬಳಿಯೋ ತೆಗೆದುಕೊಂಡು ಹೋಗಿ. ಸ್ವಂತ ಅಧ್ಯಯನ ಎಂದರೆ ಯಾರನ್ನೂ ಕೇಳದ ಅಧ್ಯಯನ ಎಂದಲ್ಲ.

ಮಾರ್ಕನ ನಂತರ: ಫಿಲಿಪ್ಪಿಗೆ ಹತ್ತು ವಾರ

ಮೊದಲ ವಾರ ಐದು ದಿನವೂ ಇಡೀ ಪತ್ರಿಕೆಯನ್ನು ಒಂದೇ ಬಾರಿಗೆ ಓದಿ. 104 ವಚನಗಳು, ಸುಮಾರು ಕಾಲು ಗಂಟೆ. ಉಳಿದ ಹೊತ್ತಿನಲ್ಲಿ ಅಪೊಸ್ತಲರ ಕೃತ್ಯಗಳು 16 ಓದಿ, ಆ ಸಭೆ ಹೇಗೆ ಹುಟ್ಟಿತೆಂದು ಬರೆದುಕೊಳ್ಳಿ. ಫಿಲಿಪ್ಪಿ ರೋಮಿನ ವಸಾಹತು ಪಟ್ಟಣ ಎಂಬುದು 16:12ರಲ್ಲಿ ಸಿಗುತ್ತದೆ. 3:20ರಲ್ಲಿ ಪೌಲ ಪರಲೋಕದ ಪೌರತ್ವದ ಮಾತೆತ್ತುವಾಗ ಅದು ಕೆಲಸಕ್ಕೆ ಬರುತ್ತದೆ. ನಂತರದ ಒಂಬತ್ತು ವಾರಗಳಿಗೆ ಭಾಗಗಳು ಹೀಗಿರಲಿ: 1:1–11, 1:12–26, 1:27–2:11, 2:12–18, 2:19–30, 3:1–11, 3:12–4:1, 4:2–9, 4:10–23. ಎರಡು ಕಡೆ ಭಾಗ ಅಧ್ಯಾಯದ ಗಡಿಗೆ ಸರಿಹೊಂದದಿದ್ದರೂ ಚಿಂತೆಯಿಲ್ಲ, ವಾದ ಮುಗಿಯುವ ಜಾಗ ನೋಡಿ ಕತ್ತರಿಸಿದ್ದು.

ಸಂತೋಷ, ಆನಂದ ಎಂಬ ಪದಗಳಿಗೆ ಒಂದು ಬಣ್ಣ, ‘ಒಂದೇ ಮನಸ್ಸು’ ಎಂಬ ಅರ್ಥದ ಮಾತುಗಳಿಗೆ ಇನ್ನೊಂದು. ಎರಡನೆಯ ಬಣ್ಣ 2:2ರಲ್ಲಿ ಬೀಳುತ್ತದೆ, ಮತ್ತೆ 4:2ರಲ್ಲಿ, ಜಗಳವಾಡಿಕೊಂಡ ಇಬ್ಬರು ಸ್ತ್ರೀಯರ ಹೆಸರಿನ ಪಕ್ಕದಲ್ಲಿ. ಕ್ರಿಸ್ತನು ತನ್ನನ್ನು ತಗ್ಗಿಸಿಕೊಂಡ ಮಹಾಭಾಗವನ್ನು (2:5–11) ಪೌಲ ಯಾವ ಮನೆಜಗಳವನ್ನು ಮನಸ್ಸಿನಲ್ಲಿಟ್ಟು ಬರೆದಿರಬಹುದು ಎಂದು ಎಂಟನೆಯ ಭಾಗಕ್ಕೆ ಬಂದಾಗ ಹಿಂದೆ ತಿರುಗಿ ನೋಡಿ. ಆ ಏಳು ವಚನಗಳನ್ನು ವಾರಕ್ಕೊಂದರಂತೆ ಬಾಯಿಪಾಠ ಮಾಡಿದರೆ ಪತ್ರಿಕೆ ಮುಗಿಯುವ ಮೊದಲೇ ಅವು ಕಂಠಸ್ಥವಾಗಿರುತ್ತವೆ.